ದೇವರಿಲ್ಲದ ಬೆಟ್ಟ

ನಮ್ಮ ಗಾವಡಗೆರೆಯ ಕಡೆ ಬೆಟ್ಟವೆಂದರೆ ಬೆಟ್ಟದಪುರ, ಹತ್ತುವುದೆಂದರೆ ಹರಕೆ. ಮೂರು ಸಾವಿರಕ್ಕೂ ಮಿಕ್ಕ ಮೆಟ್ಟಿಲೇರಿದವನಿಗೆ ಸಿಡಿಲು ಮಲ್ಲಿಕಾರ್ಜುನನ ದರ್ಶನ. ಲೆಕ್ಕ ಚೊಕ್ಕ. ಮನೆಯಾಕೆಯ ಕಾಯಿಲೆಗೆಂದು ನಾನೂ ಹತ್ತಿದ್ದೆ. ಆಕೆ ಉಳಿಯಲಿಲ್ಲ, ಆಮೇಲೆ ಯಾವ ಬೆಟ್ಟದ ಗೊಡವೆಗೂ ನಾನು ಹೋಗಲಿಲ್ಲ.

ಹೀಗಿರಲು, ಕೊಡಗಿನ ತಡಿಯಂಡಮೋಳಿಗೆ ಹೋಗೋಣವೆಂದು ಮೊಮ್ಮಗಳು ಹಟ ಹಿಡಿದಳು.

“ಮೇಲೆ ಯಾವ ದೇವರಮ್ಮ?” ಎಂದೆ.

“ಯಾವುದೂ ಇಲ್ಲ ತಾತ. ಗಾಳಿ ಇದೆ.”

ನಿಜವೇ. ಮಳೆ ಕೊಡುವ ಇಗ್ಗುತಪ್ಪ ಕೆಳಗೆ ಕಕ್ಕಬ್ಬೆಯ ಪಾಡಿಯಲ್ಲಿದ್ದಾನೆ. 1,748 ಮೀಟರಿನ ಶಿಖರದ ಮೇಲೆ ಬರಿಯ ಹುಲ್ಲು, ಮಂಜು. ಹಾದಿ ನಾಲ್ಕುನಾಡು ಅರಮನೆಯ ಬಳಿಯಿಂದ ಹೊರಡುತ್ತದೆ. 1834ರಲ್ಲಿ ಇಂಗ್ಲಿಷರ ದಂಡು ಬಂದಾಗ ಕೊಡಗಿನ ಕಡೆಯ ಅರಸು ಆಶ್ರಯ ಪಡೆದದ್ದು ಇಲ್ಲಿಯೇ. ಆತ ಪ್ರಾಣಭಯದಿಂದ ಬಂದ ಕಾಡಿಗೆ ನಾವು ದುಡ್ಡು ಕೊಟ್ಟು ಭಯವನ್ನು ಹುಡುಕಿಕೊಂಡು ಹೋಗುತ್ತೇವೆ! 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ನೆರೆದ ಮೇಲಂತೂ ಅರಣ್ಯ ಇಲಾಖೆ ಚಾರಣಿಗರಿಗೆ ದಿನಕ್ಕಿಷ್ಟೇ ಜನವೆಂದು ಮಿತಿ ಹಾಕಬೇಕಾಯಿತು.

ಕೊನೆಯ ಏರು ಬಲು ಕಡಿದು. ಮರದ ಬೇರು ಹಿಡಿದು, ಕೋಲೂರಿ, ಹತ್ತು ಹೆಜ್ಜೆಗೊಮ್ಮೆ ನಿಂತು ಹತ್ತಿದೆ. ಬೇಡಿಕೊಳ್ಳುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಸುತ್ತ ನೋಡುವುದಕ್ಕೆ ಬಿಡುವಿತ್ತು. ತುದಿ ಮುಟ್ಟಿದಾಗ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆ. ಫೋಟೋ ತೆಗೆಯುತ್ತಿದ್ದ ಬೆಂಗಳೂರಿನ ಹುಡುಗನೊಬ್ಬ ನನ್ನನ್ನು ನೋಡಿ, ಏನೂ ಕೇಳದೆ, ತಾನೂ ಬೂಟಿನ ದಾರ ಬಿಚ್ಚತೊಡಗಿದ.