ಒಂದು ‘ಇಲ್ಲ’ ಕೇಳಲು ಇಪ್ಪತ್ತೆರಡು ವರ್ಷ

ಸದಾಶಿವ ಪೇಠೆಯ ಹಳೆಯ ವಾಡೆಯೊಂದರ ಮೊದಲ ಮಹಡಿ. ಬಾಗಿಲ ಮೇಲೆ ಮರಾಠಿಯಲ್ಲಿ ಬರೆದ ಫಲಕ: ‘ಬೆಲ್ ಒಂದೇ ಸಲ ಒತ್ತಿ. ನಮಗೆ ಕಿವಿ ಕೇಳಿಸುತ್ತದೆ.’ ಅದರ ಕೆಳಗೆ ಇನ್ನೊಂದು: ‘ಮಧ್ಯಾಹ್ನ 1ರಿಂದ 4ರವರೆಗೆ ಬರಬೇಡಿ.’ ಪುಣೆಯಲ್ಲಿ ನಾಲ್ಕು ದಿನ ಇದ್ದವರಿಗೂ ಈ ‘ಪುಣೇರಿ ಪಾಟಿ’ಗಳು ಹೊಸವಲ್ಲ. ಬೇರೆ ಊರಿನವರು ‘ಬೇಡ’ ಎನ್ನಲು ಹತ್ತು ಮಾತು ಸುತ್ತಿಸುತ್ತಾರೆ, ಇಲ್ಲಿಯವರು ಮೊದಲೇ ಬರೆಸಿ ತೂಗುಹಾಕುತ್ತಾರೆ.

ಗಂಟೆ ನಾಲ್ಕೂ ಹತ್ತು. ನನ್ನ ಬೆರಳು ಬೆಲ್ಲಿನ ಹತ್ತಿರವಿತ್ತು, ಒತ್ತುವ ಧೈರ್ಯ ಇರಲಿಲ್ಲ. ಹಿಂದೆ ಎರಡು ಸಲ ಇದೇ ಮೆಟ್ಟಿಲು ಹತ್ತಿ ಹಾಗೇ ಇಳಿದು ಹೋಗಿದ್ದೆ. ಬಂದದ್ದು ಒಂದೇ ಮಾತು ಕೇಳಲಿಕ್ಕೆ: ‘ನನಗೆ ಹಾಡು ಕಲಿಸುತ್ತೀರಾ?’

ನಲವತ್ತೊಂದರ ಹೆಂಗಸು ಇಷ್ಟಕ್ಕೆ ಇಷ್ಟು ಹೆದರುವುದೇ ಎಂದು ನಿಮಗೆ ನಗು ಬರಬಹುದು. ಅದಕ್ಕೆ ಸ್ವಲ್ಪ ಹಿಂದಿನದು ಹೇಳಬೇಕು.

ಹುಬ್ಬಳ್ಳಿಯಲ್ಲಿ ನಾನು ಡಿಗ್ರಿ ಓದುವಾಗ ಯುವಜನೋತ್ಸವಕ್ಕೆ ಹಾಡುವವರನ್ನು ಆರಿಸುತ್ತಿದ್ದರು. ಆರು ವರ್ಷ ಕಲಿತಿದ್ದೆ, ಓಣಿಯ ಗಣಪತಿ ಮುಂದೆ ಹಾಡಿ ಹೊಗಳಿಸಿಕೊಂಡಿದ್ದೆ. ಅಲ್ಲಿ ಭೀಮಪಲಾಸ ಎತ್ತಿಕೊಂಡು ಎರಡು ನಿಮಿಷವೂ ಆಗಿರಲಿಲ್ಲ, ಆರಿಸುವವರು ಕೈ ಎತ್ತಿ ‘ಸಾಕು, ಮುಂದಿನವರು’ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ. ‘ಸಾಕು’ ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಮನೆಗೆ ಹೋಗುವಷ್ಟರಲ್ಲಿ ಆ ಒಂದು ಶಬ್ದಕ್ಕೆ ನಾನೇ ಅರ್ಥ ಬರೆದು ಮುಗಿಸಿದ್ದೆ: ನಾನು ಬೇಸುರು, ನನಗೆ ಸ್ವರವೇ ಇಲ್ಲ.

ಅಂದಿನಿಂದ ಯಾರು ಹಾಡು ಎಂದರೂ ನನಗೆ ಗಂಟಲು ನೋವು. ಮದುವೆಯಾಗಿ ಪುಣೆಗೆ ಬಂದ ಮೇಲೆ ಸಿಂಹಗಡ ರಸ್ತೆಯ ನಮ್ಮ ಸೊಸೈಟಿಯ ಅರಿಶಿನ–ಕುಂಕುಮಗಳಲ್ಲೂ ಅದೇ ನೋವು. ಇದು ಹಾಡಿನಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ. ಆಫೀಸಿನಲ್ಲಿ ಬಿಲ್ಲಿಂಗ್‌ನಿಂದ ಆಡಿಟ್ ವಿಭಾಗಕ್ಕೆ ಹೋಗಬೇಕೆಂದು ಐದು ವರ್ಷ ಆಸೆಪಟ್ಟೆ. ‘ನಿಮಗೆ ಆಗುವುದಿಲ್ಲ’ ಎಂದುಬಿಟ್ಟರೆ ಎಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ನಾನೇ ಕೆಲಸ ಕಲಿಸಿದ ಹುಡುಗಿ ಕೇಳಿದಳು, ಹೋದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಮನೆಗೆ ಬಂದು ಕುಕ್ಕರ್ ಇಡುವಾಗ ಸುಮ್ಮನೆ ಅಳು ಬಂತು. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಅನ್ನುತ್ತಾರೆ. ನಾನು ಅತ್ತದ್ದು ಕುಕ್ಕರಿನ ಮುಂದೆ.

ಹಾಡುವುದು ನಿಂತರೂ ಕೇಳುವುದು ನಿಂತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗುತ್ತೇನೆ. ಮುಕುಂದನಗರದ ಪೆಂಡಾಲಿನಲ್ಲಿ ಚಾಪೆ, ಶಾಲು, ಥರ್ಮಾಸಿನಲ್ಲಿ ಚಹಾ ಇಟ್ಟುಕೊಂಡು ಕೂತರೆ ಅಕ್ಕಪಕ್ಕ ಒಬ್ಬರಾದರೂ ಧಾರವಾಡ ಕಡೆಯವರು ಸಿಗುತ್ತಾರೆ. ಪುಣೆಯವರು ತಮ್ಮದೆಂದು ಹೆಮ್ಮೆಪಡುವ ಈ ಉತ್ಸವ ನಮ್ಮ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರ ಹೆಸರಿನದು. ಅವರು 1952ರಲ್ಲಿ ತೀರಿಕೊಂಡ ಮೇಲೆ, 1953ರಲ್ಲಿ ಇದು ಶುರುವಾಯಿತು. ದಶಕಗಳ ಕಾಲ ಬೆಳೆಸಿದವರು ಅವರ ಶಿಷ್ಯ ಭೀಮಸೇನ ಜೋಶಿ.

ಹೋದ ವರ್ಷ ಪಕ್ಕದಲ್ಲಿ ಕೂತ ಗದಗಿನ ಅಜ್ಜರೊಬ್ಬರು ಮಧ್ಯಂತರದಲ್ಲಿ ಭೀಮಸೇನರ ಹುಡುಗತನದ ಕತೆ ತೆಗೆದರು. ನಮ್ಮ ಕಡೆಯವರಿಗೆಲ್ಲ ಬಾಯಿಪಾಠವಾದ ಕತೆ. ಅಂದು ಮಾತ್ರ ನನಗೆ ಬೇರೆಯಾಗಿ ಕೇಳಿಸಿತು.

ಗದಗಿನ ಮಾಸ್ತರರ ಮಗ. ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಹುಚ್ಚು ಹಿಡಿದು, 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟ. ಕೈಯಲ್ಲಿ ಕಾಸಿಲ್ಲ. ರೈಲಿನಲ್ಲಿ ಟಿಕೆಟಿಲ್ಲದೆ ಹೊರಟು, ಹಿಡಿದವರಿಗೆ ಹಾಡು ಹೇಳಿ ಮುಂದೆ ಸಾಗಿದ. ಪುಣೆಗೆ ಬಂದ, ಗ್ವಾಲಿಯರ್‌ಗೆ ಹೋದ, ಕೋಲ್ಕತ್ತದಲ್ಲಿ ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಕೆಲಸಕ್ಕಿದ್ದ. ಹೀಗೆ ಮೂರು ವರ್ಷ ಮನೆ ಮನೆ, ಊರು ಊರು. ಕೊನೆಗೆ ಜಲಂಧರ್‌ನಲ್ಲಿ ಪುಣೆಯ ವಿನಾಯಕರಾವ್ ಪಟವರ್ಧನರು ಸಿಕ್ಕು, ಇಲ್ಲಿ ಯಾಕೆ ಅಲೆಯುತ್ತೀ, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ ಎಂದರಂತೆ. ಹುಬ್ಬಳ್ಳಿ ದಾಟಿದರೆ ಕುಂದಗೋಳ. 1936ರಲ್ಲಿ ಅಲ್ಲಿ ಜಾಗ ಸಿಕ್ಕಿತು. ಸಿಕ್ಕಮೇಲೂ ಮೊದಮೊದಲು ಗುರುಮನೆಗೆ ನೀರು ಹೊರುವುದೇ ಪಾಠ. ಆಮೇಲೆ ಬೆಳಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ.

ನಾನು ಅಜ್ಜರಿಗೆ ಹೇಳಿದೆ, “ಅವರು ಭೀಮಸೇನ ಜೋಶಿ ಅಜ್ಜಾರ. ನಮ್ಮಂಥವರಿಗೆ ಅದು ಎಲ್ಲಿ ಸಾಧ್ಯ?”

ಅಜ್ಜ ಚಹಾ ಊದುತ್ತ ಅಂದರು, “ತಂಗಿ, ಬಾಗಿಲ ಬಡಿಯೋ ಮುಂದ ಅಂವ ಭೀಮಸೇನ ಜೋಶಿ ಆಗಿದ್ದಿಲ್ಲವಾ. ಟಿಕೀಟಿಲ್ಲದ ಹುಡುಗ ಆಗಿದ್ದ.”

ಆ ರಾತ್ರಿ ಮನೆಗೆ ಬರುವಾಗ ಲೆಕ್ಕ ಹಾಕಿದೆ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಹಾಡನ್ನು ಬೇಡವೆಂದವರು ಎಷ್ಟು ಜನ? ಒಬ್ಬರು. ಉಳಿದ ‘ಬೇಡ’ಗಳನ್ನೆಲ್ಲ ಯಾರೂ ಹೇಳುವ ಮೊದಲೇ ಅವರ ಪರವಾಗಿ ನಾನೇ ಹೇಳಿಕೊಂಡಿದ್ದೆ.

ಮನೆಯವರಿಗೆ ಹೇಳಿದಾಗ ಅವರದು ಒಂದೇ ಮಾತು: “ಬ್ಯಾಡ ಅಂದ್ರ ವಾಪಸ್ ಬಾ. ಬಸ್ಸು ಹೆಂಗೂ ಎರಡೂ ಕಡೆ ಹೋಗ್ತದ.”

ಹಾಗೆ ಬಂದು ನಿಂತದ್ದು ಆ ಬಾಗಿಲ ಮುಂದೆ. ಬೆಲ್ ಒತ್ತಿದೆ, ಒಂದೇ ಸಲ. ಎಪ್ಪತ್ತು ದಾಟಿದ ಹಿರಿಯರು ಒಳಗೆ ಕರೆದು, ತಂಬೂರಿ ಹಚ್ಚಿ, ಹಾಡಿ ಎಂದರು. ನನ್ನ ಬಾಯಿಗೆ ಬಂದದ್ದು ಅದೇ ಭೀಮಪಲಾಸ. ಕೈ ನಡುಗುತ್ತಿತ್ತು, ಸೆರಗಿನೊಳಗೆ ಮುಚ್ಚಿಕೊಂಡೆ. ಅವರು ಕೈ ಎತ್ತಲಿಲ್ಲ. ಪೂರ್ತಿ ಕೇಳಿ ತಲೆ ಅಲ್ಲಾಡಿಸಿ, “ಆತಾ ನಾಹೀ ಜಮಣಾರ್” ಎಂದರು. ಈಗ ಆಗುವುದಿಲ್ಲ.

ಇಪ್ಪತ್ತೆರಡು ವರ್ಷ ತಪ್ಪಿಸಿಕೊಂಡು ತಿರುಗಿದ ಮಾತು ಕೊನೆಗೂ ಬಂದು ಎದುರಿಗೆ ಕೂತಿತ್ತು. ಎದ್ದು ಹೋಗುವ ಬದಲು, ಹೇಗೋ ಏನೋ, ಅಂದು ಕೇಳದ ಪ್ರಶ್ನೆಯನ್ನು ಇಂದು ಕೇಳಿದೆ: “ಯಾಕೆ? ನಾನು ಬೇಸುರಾ?”

ಅವರಿಗೆ ಆಶ್ಚರ್ಯವಾಯಿತು. ಬೇಸುರು ಯಾರು ಹೇಳಿದರು? ಸ್ವರ ಜಾಗದಲ್ಲೇ ಇದೆ, ಉಸಿರು ಸಾಲುವುದಿಲ್ಲ. ಅದನ್ನು ಕಟ್ಟಲಿಕ್ಕೇ ವರ್ಷಗಟ್ಟಲೆ ಬೇಕು. ನಾನು ವೇದಿಕೆಗೆ ತಯಾರಾಗುವ ಮಕ್ಕಳಿಗೆ ಮಾತ್ರ ಕಲಿಸುವವನು, ನನಗೂ ವಯಸ್ಸಾಯಿತು, ಎಂದರು. ನೀರು ಕೊಟ್ಟರು. ನಮಸ್ಕಾರ ಮಾಡಿ ಕೆಳಗಿಳಿದೆ.

ನೋವಾಗಲಿಲ್ಲ ಎಂದರೆ ಸುಳ್ಳು. ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು ಕೂತಿದ್ದೆ. ಆದರೆ ಕೂತಾಗ ಮತ್ತೆ ಮತ್ತೆ ನೆನಪಾದದ್ದು ‘ನಾಹೀ’ ಅಲ್ಲ, ‘ಸ್ವರ ಜಾಗದಲ್ಲೇ ಇದೆ’ ಎಂಬುದು. ಅಂದು ಕಾಲೇಜಿನಲ್ಲೂ ಒಂದು ಮಾತು ಕೇಳಿದ್ದರೆ? ಇದನ್ನೇ ಹೇಳುತ್ತಿದ್ದರೋ, ಸಮಯವಿಲ್ಲ ಎನ್ನುತ್ತಿದ್ದರೋ, ಗೊತ್ತಿಲ್ಲ. ನಾನು ಬರೆದುಕೊಂಡ ಉತ್ತರ ಮಾತ್ರ ತಪ್ಪಾಗಿತ್ತು. ದಾರಿಯಲ್ಲಿ ಕೊತ್ತಂಬರಿ ಕೊಂಡು ಮನೆಗೆ ಹೋಗಿ ಎಂದಿನಂತೆ ಅಡುಗೆ ಮಾಡಿದೆ.

ಆಮೇಲೆ ಇನ್ನೊಬ್ಬರಿಗೆ ಫೋನು ಮಾಡಿದೆ. ತಿರುಗಿ ಮಾಡುತ್ತೇನೆ ಎಂದವರು ಮಾಡಲಿಲ್ಲ. ಮೂರನೆಯವರು ಕರ್ವೆನಗರದ ಬಾಯಿಯವರು, ನನಗಿಂತ ಏಳು ವರ್ಷ ಚಿಕ್ಕವರು. ಮೂರು ತಿಂಗಳು ನೋಡೋಣ, ಆಮೇಲೆ ಹೇಳುತ್ತೇನೆ ಎಂದಿದ್ದಾರೆ. ಪ್ರತಿ ಗುರುವಾರ ಸಂಜೆ ಹೋಗಿ ಒಂದೇ ಷಡ್ಜವನ್ನು ಹಿಡಿದು ನಿಲ್ಲುತ್ತೇನೆ, ಪಕ್ಕದಲ್ಲಿ ಹತ್ತು ವರ್ಷದ ಮಕ್ಕಳು ಆಲಾಪ ಮಾಡುತ್ತಿರುತ್ತಾರೆ. ಮೂರು ತಿಂಗಳಾದ ಮೇಲೆ ಇವರೂ ‘ನಾಹೀ’ ಎನ್ನಬಹುದು. ಹೆದರಿಕೆ ಹೋಗಿಲ್ಲ, ಅದನ್ನೂ ಕರೆದುಕೊಂಡು ಬಸ್ಸು ಹತ್ತುತ್ತೇನೆ. ಆಫೀಸಿನಲ್ಲಿ ಆಡಿಟ್ ವಿಭಾಗಕ್ಕೆ ಅರ್ಜಿ ಕೊಟ್ಟೆ. ಈ ವರ್ಷ ಜಾಗವಿಲ್ಲ ಎಂದರು. ಮುಂದಿನದು ಯಾವಾಗ ಎಂದು ಕೇಳಿ ಬಂದಿದ್ದೇನೆ.

ಮೊನ್ನೆ ಚೈತ್ರದ ಅರಿಶಿನ–ಕುಂಕುಮಕ್ಕೆ ಪಕ್ಕದ ಮನೆಯವರು ಕರೆದಿದ್ದರು. ಮಾವಿನಕಾಯಿಯ ಪನ್ಹೆ ಕೊಟ್ಟು, ಪ್ರತಿವರ್ಷದ ಅಭ್ಯಾಸಕ್ಕೆ, ಹಾಡ್ತೀರಾ ಎಂದರು. ಗಂಟಲು ನೋವು ಎಂದು ಹೇಳಲು ಬಾಯಿ ತೆರೆದಿದ್ದೆ. ಲೋಟ ಕೆಳಗಿಟ್ಟು ಒಂದು ದಾಸರ ಪದ ಎತ್ತಿಕೊಂಡೆ. ಎರಡನೇ ನುಡಿಯಲ್ಲಿ ಉಸಿರು ತಪ್ಪಿತು. ನಿಲ್ಲಿಸಿದೆ, ಉಸಿರು ತೆಗೆದುಕೊಂಡೆ, ಆ ಸಾಲನ್ನು ಮೊದಲಿನಿಂದ ಹಾಡಿದೆ.