ಅರ್ಧ ಸೆಕೆಂಡು

ಕುಮಟೆಯ ಹೊರವಲಯದಲ್ಲಿ, ಅಘನಾಶಿನಿಯ ಕಡೆಗೆ ಇಳಿಯುವ ಗದ್ದೆಬಯಲಿನ ಅಂಚಿಗೆ, ಚಿರೆಕಲ್ಲಿನ ಕಟ್ಟೆಯೊಂದಿತ್ತು. ಗದ್ದೆಯಿಂದ ಅದರ ಎತ್ತರ ಒಂದೂಕಾಲು ಮೀಟರು. ಕಟ್ಟೆಗೆ ತಗುಲಿಕೊಂಡೇ ಮೂರು ಮೀಟರು ಅಗಲದ ಕೆಸರುತೋಡು. ಅದರಾಚೆ ಕೊಯ್ಲು ಮುಗಿದ ಗದ್ದೆ. 1972ರಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದ ನಾನೂ ನನ್ನ ಗೆಳೆಯನೂ ಬಾಡಿಗೆಯ ಸೈಕಲ್ಲೊಂದನ್ನು ಆ ತೋಡಿನ ಮೇಲಿಂದ ಹಾರಿಸಲು ನಿಶ್ಚಯಿಸಿದೆವು.

ಗೆಳೆಯನು ಸ್ಥೂಲಕಾಯನು, ಮೊದಲು ಹಾರಿದವನೂ ಅವನೇ. ಆಚೆಯ ದಡಕ್ಕೆ ಒಂದು ಮೀಟರು ಉಳಿದಿರುವಂತೆಯೇ ಕೆಸರಿಗೆ ಬಿದ್ದು, ನಗುತ್ತಾ ಎದ್ದು ಬಂದನು. ಅವನ ಭಾರವೇ ಅವನನ್ನು ಬೇಗ ಕೆಳಗೆಳೆಯಿತೆಂದು ಇಬ್ಬರೂ ತೀರ್ಮಾನಿಸಿದೆವು. ನಾನೋ ಕಡ್ಡಿಯಂತಿದ್ದವನು, ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುವೆನೆಂಬ ಧೈರ್ಯದಿಂದ ಹೊರಟೆ. (ಭಾರವಾದುದು ಬೇಗ ಬೀಳುವುದೆಂದು ಅರಿಸ್ಟಾಟಲನೂ ನಂಬಿದ್ದನೆಂದು ಮುಂದೆ ಓದಿದಾಗ ತುಸು ಸಮಾಧಾನವಾಯಿತು.) ಮುಂದಿನ ಚಕ್ರವು ಮೊದಲು ಆಸರೆ ಕಳೆದುಕೊಂಡಿತು, ಸೈಕಲ್ಲು ಮೂಗುಮುಂದಾಗಿ ಬಾಗಿತು. ನಾನು ಬಿದ್ದುದು ಗೆಳೆಯನು ಬಿದ್ದ ಗುರುತಿನ ಮಗ್ಗುಲಲ್ಲಿಯೇ. ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು.

ಎರಡು ವಾರಗಳ ಬಳಿಕ ನಮ್ಮ ವಿಜ್ಞಾನದ ಮೇಷ್ಟ್ರು ನಮ್ಮಿಬ್ಬರನ್ನೂ ಅದೇ ಕಟ್ಟೆಗೆ ಕರೆದೊಯ್ದರು. ಒಂದು ತೆಂಗಿನಕಾಯಿಯನ್ನೂ ಒಂದು ಅಡಿಕೆಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ಕೆಳಗೆ ತಲುಪಿದವು. ಬಳಿಕ ಒಂದು ಅಡಿಕೆಯನ್ನು ನೇರ ಮುಂದಕ್ಕೆ ಎಸೆದು, ಅದೇ ಗಳಿಗೆಯಲ್ಲಿ ಇನ್ನೊಂದನ್ನು ಸುಮ್ಮನೆ ಬಿಟ್ಟರು. ಆಗಲೂ ಅಷ್ಟೇ! ಮುಂದಕ್ಕೆ ಸಾಗುವ ವೇಗವು ಬೀಳುವ ಹೊತ್ತನ್ನು ಒಂದಿಷ್ಟೂ ಹಿಗ್ಗಿಸಲಿಲ್ಲ. ಇವೆರಡು ಚಲನೆಗಳು ಕೂಡಿದಾಗ ವಸ್ತುವು ಪರವಲಯದ ಹಾದಿ ಹಿಡಿಯುತ್ತದೆಂದು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ತೋರಿಸಿದ್ದನು. ಭಾರವಾದುದನ್ನು ಭೂಮಿ ಹೆಚ್ಚು ಬಲದಿಂದ ಸೆಳೆಯುತ್ತದೆ, ನಿಜ. ಆದರೆ ಅದನ್ನು ಚಲಿಸುವಂತೆ ಮಾಡಲು ಅಷ್ಟೇ ಹೆಚ್ಚು ಬಲ ಬೇಕು.

ಗಾಳಿಯ ಮಾತು ಬೇರೆ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯು ಅದಕ್ಕೆ ಮುನ್ನ ಜೋಗದಲ್ಲಿ 253 ಮೀಟರು ಧುಮುಕುತ್ತಾಳೆ. ಗಾಳಿಯಿಲ್ಲದಿದ್ದರೆ ಆ ನೀರು ಏಳು ಸೆಕೆಂಡಿಗೆ ತುಸು ಮೀರಿ ತಳ ಮುಟ್ಟುತ್ತಿತ್ತು. ಗಾಳಿಯಿರುವುದರಿಂದ ಹನಿಹನಿಯಾಗಿ ಒಡೆದು ಮಂಜಾಗಿ ತೇಲುತ್ತದೆ. ನಮ್ಮ ಕಟ್ಟೆಯ ಎತ್ತರಕ್ಕೆ ಗಾಳಿಯ ತಡೆ ಲೆಕ್ಕಕ್ಕಿಲ್ಲ.

ಒಂದೂಕಾಲು ಮೀಟರು ಬೀಳಲು ಹಿಡಿಯುವ ಹೊತ್ತು ಅರ್ಧ ಸೆಕೆಂಡು. ನಮ್ಮ ವೇಗ ಸೆಕೆಂಡಿಗೆ 4 ಮೀಟರಿನಷ್ಟಿತ್ತು. ಸಾಗಿದ್ದು ಎರಡೇ ಮೀಟರು. ಈಗ ಹೊನ್ನಾವರ-ಭಟ್ಕಳದ ಹಾದಿಯಲ್ಲಿ ಚಕ್ರ ನೆಲ ಬಿಡುವಂತೆ ಮೋಟಾರು ಸೈಕಲ್ಲನ್ನು ದಿಬ್ಬ ಹಾರಿಸುವ ತರುಣರನ್ನು ಕಂಡಾಗ ನನ್ನ ಮನಸ್ಸು ಆ ಲೆಕ್ಕವನ್ನೇ ಮಾಡುತ್ತದೆ. ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಅರ್ಧ ಸೆಕೆಂಡೆಂದರೆ ಹತ್ತು ಮೀಟರು. ಅಷ್ಟು ದೂರವೂ ಬ್ರೇಕು ಹಿಡಿದು ಫಲವಿಲ್ಲ, ಹ್ಯಾಂಡಲು ತಿರುಗಿಸಿ ಫಲವಿಲ್ಲ.

"ಹಾಗಾದರೆ ಸೆಕೆಂಡಿಗೆ 6 ಮೀಟರು ವೇಗವಿದ್ದರೆ ದಾಟಬಹುದಿತ್ತಲ್ಲವೇ ಸಾರ್?" ಎಂದು ಗೆಳೆಯನು ಉತ್ಸಾಹದಿಂದ ಕೇಳಿದನು.

"ದಾಟಬಹುದಿತ್ತು. ಆದರೆ ಆಗಲೂ ಸೆಕೆಂಡಿಗೆ ಸುಮಾರು 5 ಮೀಟರು ವೇಗದಲ್ಲಿ ಕೆಳಮುಖವಾಗಿ ಬಂದು ನೆಲಕ್ಕೆ ಬಡಿಯುತ್ತಿದ್ದಿರಿ. ಅಲ್ಲಿರುವುದು ಕೆಸರಲ್ಲ, ಒಣಗಿದ ಗದ್ದೆ" ಎಂದರು ಮೇಷ್ಟ್ರು.

ಗೆಳೆಯನು ಕೊಯ್ದ ಪೈರಿನ ಕೂಳೆಗಳನ್ನು ನೋಡಿದನು. ಬಳಿಕ ನನ್ನ ಕೈಯ ಕಟ್ಟನ್ನು ನೋಡಿದನು. ಮತ್ತೆ ಅವನು ಆ ಮಾತೆತ್ತಲಿಲ್ಲ.