ಕಟ್ಟೆಯ ನೀರಿಗೆ ಬಂದ ಕಾಟಿ

ಬಂಡೀಪುರದ ಕಾಡಂಚಿನ ನಮ್ಮೂರಲ್ಲಿ ಚಳಿಗೆ ಬೆಂಕಿ ಹಾಕಿ ಕೂತರೆ ಹುಲಿ, ಆನೆಯ ಕಥೆಗಳಿಗೆ ಬರವಿಲ್ಲ. ನನ್ನ ಸರದಿ ಬಂದರೆ ಮಾತ್ರ ನಾನು ಹೇಳುವುದು ದನಗಳಿಗೆ ಬರುತ್ತಿದ್ದ ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟ್‌ನ, ಕಥೆ. 1968ರ ಮಾತು; ನನಗಾಗ ಒಂಬತ್ತು ವರ್ಷ.

ಮೊದಲು ಬಿದ್ದದ್ದು ನಮ್ಮ ಕರಿಯ ಎತ್ತು. ಬೆಳಿಗ್ಗೆ ನೋಡಿದರೆ ಗೊಂತಿನ ಹುಲ್ಲು ಹಾಕಿದ ಹಾಗೇ ಇತ್ತು, ಮೆಲುಕು ನಿಂತಿತ್ತು. ಕಣ್ಣೀರು ಸುರಿದು ಕೆನ್ನೆಯ ಕೂದಲು ಅಂಟಿಕೊಂಡಿತ್ತು. ತಾತ ತುಟಿ ಮಗುಚಿದ. ಒಸಡಿನ ಮೇಲೆ ತೌಡು ಉದುರಿಸಿದ ಹಾಗೆ ಬಿಳಿ ಪುಡಿ. ಬೆರಳಲ್ಲಿ ಸವರಿದರೆ ಎದ್ದು ಬರುತ್ತಿತ್ತು, ಅಡಿಯಲ್ಲಿ ಕೆಂಪಗೆ ಹಸಿ ಮಾಂಸ. ತಾತ ಮಾತಾಡದೆ ಹೋಗಿ ಕೈ ತೊಳೆದ. ಆಮೇಲೆ ಶುರುವಾಯಿತು ಭೇದಿ. ಕೊಟ್ಟಿಗೆಯ ನಾತ ಅಡುಗೆಮನೆಗೂ ಬಂತು. ವಾರ ತುಂಬುವಷ್ಟರಲ್ಲಿ ಕರಿಯನೂ ಇಲ್ಲ, ಅವನ ಜೋಡಿಯೂ ಇಲ್ಲ. ಹೆಂಗಸರು ಮೊರದಲ್ಲಿ ಬೇವಿನ ಸೊಪ್ಪಿಟ್ಟು ಮಾರಿಯನ್ನು ಊರಗಡಿ ದಾಟಿಸಿ ಬಂದರು.

ಸೂಜಿಮದ್ದು ಇರಲಿಲ್ಲವೆಂದಲ್ಲ. 1954ರಿಂದಲೇ ದೇಶದಲ್ಲಿ ಅದರ ಕಾರ್ಯಕ್ರಮ ನಡೆದಿತ್ತು. ದನದ ಡಾಕ್ಟ್ರು ಐಸು ತುಂಬಿದ ಫ್ಲಾಸ್ಕು ಹಿಡಿದು ಬರುತ್ತಾರೆಂದು ಸುದ್ದಿ ಸಿಕ್ಕರೆ ಸಾಕು, ನಮ್ಮವರು ದನಗಳನ್ನು ಕಾಡಿಗೆ ಅಟ್ಟಿಬಿಡುತ್ತಿದ್ದರು. ಸೂಜಿ ಹಾಕಿಸಿದರೆ ಜ್ವರ ಬರುತ್ತೆ, ಹಾಲು ಬತ್ತುತ್ತೆ ಅಂತ. ಪೂರ್ತಿ ಸುಳ್ಳೂ ಅಲ್ಲ. ಮೇಕೆಯಲ್ಲಿ ಬೆಳೆಸಿದ ಹಳೆಯ ಲಸಿಕೆಗೆ ಕೆಲವು ದನಗಳ ಮೈ ಕಾಯುತ್ತಿತ್ತು. ಹಾಗೆ ಬಚ್ಚಿಟ್ಟ ದನ ನೀರು ಕುಡಿದದ್ದು ಕಾಡಿನ ಕಟ್ಟೆಯಲ್ಲಿ.

ತಾತನ ಜೊತೆ ಸೌದೆಗೆ ಹೋದಾಗ ಆ ಕಟ್ಟೆಯ ಅಂಚಲ್ಲಿ ನಾನು ಕಾಟಿ ಕಂಡೆ. ಆಳೆತ್ತರದ ಗಂಡು, ಮೊಣಕಾಲ ಕೆಳಗೆ ಬಿಳಿ ಕಾಲುಚೀಲ. ಮನುಷ್ಯರ ವಾಸನೆಗೇ ಓಡುವ ಪ್ರಾಣಿ ಓಡಲಿಲ್ಲ. ಮೂತಿ ನೀರಿಗಿಟ್ಟಿತ್ತು, ಕುಡಿಯುತ್ತಿರಲಿಲ್ಲ. ಕಣ್ಣಿಂದ ಕೆನ್ನೆಯುದ್ದಕ್ಕೂ ಒದ್ದೆಗೆರೆ, ಥೇಟ್ ಕರಿಯನದೇ. ನಾನು ಒಂದು ಹೆಜ್ಜೆ ಮುಂದಿಟ್ಟೆ. ತಾತ ತೋಳು ಹಿಡಿದು ಎಳೆದ.

"ಹತ್ರ ಹೋಗ್ಬ್ಯಾಡ ಕನ ಮಗ. ನಮ್ ದನನೇ ಕೊಟ್ಟದ್ದು ಕನ ಇದ."

ಆ ವರ್ಷ ಬಂಡೀಪುರ, ಮುದುಮಲೈ ಎರಡೂ ಕಡೆ ಕಾಟಿಗಳು ಹಿಂಡುಹಿಂಡಾಗಿ ಸತ್ತವು. ಗಾಳಿ ಕಾಡಿನ ಕಡೆಯಿಂದ ಬೀಸಿದ ದಿನ ಅಜ್ಜಿ ಕಿಟಕಿ ತೆರೆಯುತ್ತಿರಲಿಲ್ಲ. ಮುಂದಿನ ಸಲ ಸೂಜಿಯವರು ಬಂದಾಗ ಊರಿಗೆ ಮೊದಲು ಹಗ್ಗ ಹಿಡಿದು ನಿಂತವನು ತಾತ. ಉಳಿದದ್ದು ಒಂದೇ ಮುದಿ ಹಸು, ಅದನ್ನೇ ಹಿಡಿದುಕೊಂಡು.

ಮನುಷ್ಯರ ದಡಾರಕ್ಕೆ ದಾಯಾದಿಯಾದ ಈ ರೋಗದ ವೈರಸ್ಸಿಗೆ ಒಂದು ದೌರ್ಬಲ್ಯವಿತ್ತು: ಒಮ್ಮೆ ಬಂದು ಗುಣವಾದ ದನಕ್ಕಾಗಲಿ, ಲಸಿಕೆ ನಾಟಿದ ದನಕ್ಕಾಗಲಿ ಮತ್ತೆ ತಟ್ಟುತ್ತಿರಲಿಲ್ಲ. ಅದನ್ನೇ ಹಿಡಿದು ಬೆನ್ನಟ್ಟಿದರು. ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಸಾರಿದರು. ಸಿಡುಬಿನ ನಂತರ ಹೀಗೆ ಹೋದದ್ದು ಇದೊಂದೇ. ಕೇಳಲು ತಾತ ಇರಲಿಲ್ಲ.

ಕಾಟಿಗಳು ಮತ್ತೆ ಹೆಚ್ಚಿವೆ. ಊಟಿ ರಸ್ತೆಯಲ್ಲಿ ಹಿಂಡು ಅಡ್ಡ ನಿಂತರೆ ಮೊಮ್ಮಕ್ಕಳು ಕೊಂಬು ನೋಡುತ್ತಾರೆ. ನಾನು ಗಾಜು ಇಳಿಸಿ, ಕೆನ್ನೆ ಒದ್ದೆಯಾಗಿದೆಯಾ ಅಂತ ನೋಡುತ್ತೇನೆ.